ತಾಹಾ ಹುಸೇನ್: ಚಮಚ ಮುಟ್ಟದ ಹುಡುಗ

ಕಳೆದ ವರ್ಷ ನಮ್ಮ ಎನ್‌ಎಸ್‌ಎಸ್ ಘಟಕದ ಕಣ್ಣು ತಪಾಸಣಾ ಶಿಬಿರದಲ್ಲಿ ನನಗೆ ಸಿಕ್ಕಿದ ಕೆಲಸ ತೀರಾ ಸುಲಭದ್ದು. ಗೋಡೆಗೆ ತೂಗುಹಾಕಿದ್ದ ಚಾರ್ಟಿನ ಪಕ್ಕದಲ್ಲಿ ಒಂದು ಕೋಲು ಹಿಡಿದು ನಿಲ್ಲುವುದು, ಆರು ಮೀಟರ್ ದೂರದ ಕುರ್ಚಿಯಲ್ಲಿ ಕೂತವರಿಗೆ ಒಂದೊಂದೇ ಅಕ್ಷರ ತೋರಿಸುವುದು. ಹಾಲೆಂಡಿನ ಹರ್ಮನ್ ಸ್ನೆಲೆನ್ ಎಂಬ ನೇತ್ರವೈದ್ಯರು 1862ರಲ್ಲಿ ರೂಪಿಸಿದ ಚಾರ್ಟ್ ಅದು. ಒಳ್ಳೆಯ ಕಣ್ಣಿನವರು 60 ಮೀಟರ್ ದೂರದಿಂದ ಓದಬಲ್ಲ ಅಕ್ಷರವನ್ನು ಓದಲು ನಮಗೆ 6 ಮೀಟರ್ ಹತ್ತಿರ ಬರಬೇಕಾದರೆ ನಮ್ಮ ದೃಷ್ಟಿ 6/60. ಎಲ್ಲ ಸರಿಯಿದ್ದರೆ 6/6. ಭೌತಶಾಸ್ತ್ರದ ಲ್ಯಾಬಿನಲ್ಲಿ ಅಳತೆ ಮಾಡಿದಷ್ಟೇ ಅಚ್ಚುಕಟ್ಟು.

ಆ ಶಿಬಿರಕ್ಕೆ ನನ್ನ ನಾನಿಯೂ ಬಂದಿದ್ದರು. ಅವರಿಗೆ ಕೆಲವು ವರ್ಷಗಳಿಂದ ಗ್ಲಾಕೋಮಾ ಇದೆ, ದಿನಾ ರಾತ್ರಿ ಕಣ್ಣಿಗೆ ಡ್ರಾಪ್ಸ್ ಹಾಕಬೇಕು. ಕನ್ನಡಕ ಹಾಕಿಕೊಂಡು ಕೂತವರು ಚಾರ್ಟನ್ನು ಹೆಚ್ಚುಕಡಿಮೆ ಕೆಳಗಿನ ಸಾಲಿನವರೆಗೂ ಓದಿಬಿಟ್ಟರು. 6/9 ಎಂದು ಬರೆದುಕೊಂಡ ನನಗೆ ಹೆಮ್ಮೆಯೇ ಆಯಿತು. ಮನೆಗೆ ಹೋಗಿ ಅಮ್ಮನಿಗೆ ನಾನಿ ಕಣ್ಣಿನಲ್ಲಿ ಪಾಸ್ ಎಂದು ಹೇಳಿದೆ. ಅಮ್ಮ ಏನೂ ಹೇಳಲಿಲ್ಲ.

ಈ ಲೇಖನ ನಾನಿಯ ಬಗ್ಗೆ ಅಲ್ಲ. ಈಜಿಪ್ಟಿನ ತಾಹಾ ಹುಸೇನ್ ಬಗ್ಗೆ. ಆದರೆ ಅವರ ಬಗ್ಗೆ ನಾನು ಯಾಕೆ ಬರೆಯುತ್ತಿದ್ದೇನೆ ಎಂದು ಗೊತ್ತಾಗಬೇಕಾದರೆ ಇಷ್ಟು ಹೇಳಲೇಬೇಕಾಯಿತು. ಶಿಬಿರ ಮುಗಿದ ಕೆಲವು ವಾರಗಳ ನಂತರ ನಮ್ಮ ಲೈಬ್ರರಿಯಲ್ಲಿ ಅವರ ಆತ್ಮಕಥೆ 'ಅಲ್-ಅಯ್ಯಾಮ್'ನ ಇಂಗ್ಲಿಷ್ ಅನುವಾದ ಸಿಕ್ಕಿತು. ಅಲ್-ಅಯ್ಯಾಮ್ ಎಂದರೆ ದಿನಗಳು. ಅರಬ್ ದೇಶಗಳ ಶಾಲೆಗಳಲ್ಲಿ ಮಕ್ಕಳು ಅದನ್ನು ಪಾಠವಾಗಿ ಓದುತ್ತಾರೆ. ನನಗೆ ಮಾತ್ರ ಅದು ಆ ಚಾರ್ಟಿಗೆ ಸಿಕ್ಕದ ಅಳತೆಗಳ ಪುಸ್ತಕದಂತೆ ಕಂಡಿತು.

ತಾಹಾ ಹುಸೇನ್ ಹುಟ್ಟಿದ್ದು 1889ರ ನವೆಂಬರಿನಲ್ಲಿ, ನೈಲ್ ನದಿಯ ದಂಡೆಯ ಮಿನ್ಯಾ ಪ್ರಾಂತದ ಮಗಾಗಾ ಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ತಂದೆ ಸಕ್ಕರೆ ಕಂಪನಿಯೊಂದರಲ್ಲಿ ಸಣ್ಣ ನೌಕರ. ಹದಿಮೂರು ಮಕ್ಕಳಲ್ಲಿ ತಾಹಾ ಏಳನೆಯವರು. ಮೂರು ವರ್ಷದ ಹೊತ್ತಿಗೆ ಕಣ್ಣು ಕೆಂಪಾಗಿ ಊದಿಕೊಂಡಿತು. ಮನೆಯವರು ಕೆಲವು ದಿನ ಗಮನ ಕೊಡಲಿಲ್ಲ. ಆಮೇಲೆ ಹಳ್ಳಿಯ ಕ್ಷೌರಿಕನನ್ನು ಕರೆಸಿದರು, ಅಂದಿನ ಹಳ್ಳಿಗಳಲ್ಲಿ ಅವನೇ ವೈದ್ಯ. ಅವನು ಮಾಡಿದ ಚಿಕಿತ್ಸೆಯಿಂದ ಇದ್ದ ಕಣ್ಣೂ ಹೋಯಿತು. ಆ ಕಾಲದ ಈಜಿಪ್ಟಿನಲ್ಲಿ ಇದು ಅಪರೂಪದ ಕತೆಯಲ್ಲ. ಟ್ರಕೋಮಾ ಮುಂತಾದ ಕಣ್ಣಿನ ಸೋಂಕುಗಳು ಮನೆಮನೆಯಲ್ಲೂ ಇದ್ದವು. ಊರಿಂದೂರಿಗೆ ಹೋಗುವ ಡೇರೆಯ ಕಣ್ಣಾಸ್ಪತ್ರೆಗಳು ಅಲ್ಲಿ ಶುರುವಾದದ್ದು 1904ರಲ್ಲಿ, ಅಂದರೆ ತಾಹಾ ಹದಿನಾಲ್ಕರ ಹುಡುಗನಾದ ಮೇಲೆ.

ಪುಸ್ತಕದ ಮೊದಲ ನೆನಪೇ ಒಂದು ಬೇಲಿಯದು. ಮನೆಯೆದುರು ಜೋಳದ ದಂಟಿನ ಬೇಲಿ, ಅವನಿಗಿಂತ ಎತ್ತರ, ಒತ್ತೊತ್ತಾಗಿ ನೆಟ್ಟದ್ದು. ಮೊಲಗಳು ಅದರ ಮೇಲಿಂದ ಹಾರಿಯೋ ಸಂದಿನಲ್ಲಿ ನುಸುಳಿಯೋ ದಾಟುತ್ತವೆ, ಇವನಿಗೆ ಆಗುವುದಿಲ್ಲ. ಅವನಿಗೆ ಮೊಲಗಳ ಮೇಲೆ ಹೊಟ್ಟೆಕಿಚ್ಚು. ಸಂಜೆ ಬೇಲಿಗೆ ಒರಗಿ ನಿಂತು ದೂರದಲ್ಲಿ ಕತೆ ಹಾಡುವವನ ದನಿ ಕೇಳುತ್ತಿದ್ದರೆ ಅಕ್ಕ ಬಂದು ಒಂದು ಗಂಟಿನಂತೆ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಅಮ್ಮ ಕಣ್ಣಿಗೆ ಉರಿಯುವ ಔಷಧಿ ಹಾಕುತ್ತಾಳೆ. ತನಗೆ ತಿಳಿಯದ ಯಾವುದನ್ನೋ ಅಣ್ಣತಮ್ಮಂದಿರು ವರ್ಣಿಸಿ ಮಾತಾಡುವುದನ್ನು ಕೇಳಿ ಕೇಳಿ, ಅವರಿಗೆ ಕಾಣುವುದು ತನಗೆ ಕಾಣುವುದಿಲ್ಲ ಎಂದು ಆ ಮಗು ತಾನೇ ಲೆಕ್ಕ ಹಾಕಿ ತಿಳಿದುಕೊಳ್ಳುತ್ತದೆ. ಯಾರೂ ಕೂರಿಸಿ ಹೇಳಿದ್ದಲ್ಲ.

ಇನ್ನು ಊಟದ ಪ್ರಸಂಗ. ನಾನು ಪುಸ್ತಕವನ್ನು ಮುಚ್ಚಿಟ್ಟು ಎದ್ದುಹೋದದ್ದು ಇಲ್ಲಿಯೇ.

ಒಂದು ರಾತ್ರಿ ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದಾರೆ. ಎಲ್ಲರೂ ಮಾಡುವ ಹಾಗೆ ಒಂದೇ ಕೈಯಿಂದ ಯಾಕೆ ತಿನ್ನಬೇಕು, ಎರಡೂ ಕೈಯಿಂದ ತುತ್ತು ತೆಗೆದುಕೊಂಡರೆ ಏನಾಗುತ್ತದೆ ಎಂದು ಹುಡುಗನಿಗೆ ಕುತೂಹಲ. ಹಾಗೇ ಮಾಡಿದ. ಅಣ್ಣಂದಿರು ಗೊಳ್ಳೆಂದು ನಕ್ಕರು. ಅಮ್ಮ ಅತ್ತಳು. ತಂದೆ ಮಾತ್ರ ಮೆಲ್ಲನೆ, ನೋವು ತುಂಬಿದ ದನಿಯಲ್ಲಿ, ತುತ್ತು ತೆಗೆದುಕೊಳ್ಳುವುದು ಹಾಗಲ್ಲ ಮಗನೇ ಎಂದು ತಿದ್ದಿದರು. ಆ ರಾತ್ರಿ ಹೇಗೆ ಕಳೆಯಿತೋ ತನಗೆ ಗೊತ್ತಿಲ್ಲ ಎನ್ನುತ್ತಾರೆ ತಾಹಾ. ಅಂದಿನಿಂದ ಅವರ ಒಂದೊಂದು ಹೆಜ್ಜೆಗೂ ಹಿಂಜರಿಕೆ ಅಂಟಿಕೊಂಡಿತು. ಚಮಚದಿಂದ ತಿನ್ನಬೇಕಾದದ್ದೆಲ್ಲವನ್ನೂ ತಮಗೆ ತಾವೇ ನಿಷೇಧಿಸಿಕೊಂಡರು. ಸೂಪ್ ಬೇಡ, ಅನ್ನ ಬೇಡ. ಚಮಚ ಹಿಡಿದರೆ ಚೆಲ್ಲುತ್ತದೆ, ಚೆಲ್ಲಿದರೆ ಅಣ್ಣಂದಿರು ನಗುತ್ತಾರೆ, ಅಮ್ಮ ಅಳುತ್ತಾಳೆ, ತಂದೆ ಆ ದನಿಯಲ್ಲಿ ತಿದ್ದುತ್ತಾರೆ. ಈ ನಿಷೇಧ ನಡೆದದ್ದು ಇಪ್ಪತ್ತೈದು ವರ್ಷ ತುಂಬುವವರೆಗೆ! ಊಟದ ನಡುವೆ ನೀರನ್ನೂ ಕುಡಿಯುತ್ತಿರಲಿಲ್ಲ, ಲೋಟ ಕೈಯಲ್ಲಿ ಅಲುಗಾಡೀತೆಂದು. ಊಟ ಮುಗಿಸಿ ಕೈತೊಳೆಯಲು ಎದ್ದಾಗ ಅಲ್ಲಿನ ನೀರನ್ನೇ ಕುಡಿಯುವುದು. ಆ ನೀರು ಶುದ್ಧವಲ್ಲ, ಹೊಟ್ಟೆನೋವು ಬಂತು. ಯಾಕೆ ಬಂತೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಆಟಗಳನ್ನೂ ಬಿಟ್ಟರು, ಯಾರೂ ನಗಲು ಅವಕಾಶವಿಲ್ಲದ ಆಟಗಳನ್ನು ಮಾತ್ರ ಇಟ್ಟುಕೊಂಡರು. ಕಬ್ಬಿಣದ ಚೂರುಗಳನ್ನು ಕೂಡಿಹಾಕಿ ಒಂದು ಮೂಲೆಯಲ್ಲಿ ಕೂತು ಜೋಡಿಸುವುದು, ಬಿಚ್ಚುವುದು. ಇಲ್ಲವಾದರೆ ದೊಡ್ಡವರ ಕತೆ ಕೇಳುತ್ತ ಕೂರುವುದು. ಅವರ ನೆನಪಿನ ಶಕ್ತಿ ದೊಡ್ಡದೆಂದು ಎಲ್ಲರೂ ಹೊಗಳುತ್ತಾರಲ್ಲ, ಅದರ ಒಂದು ಬೇರು ಈ ಮೂಲೆಯಲ್ಲಿದೆ ಎಂದು ನನಗನಿಸುತ್ತದೆ.

ಇದೇ ಜಾಗದಲ್ಲಿ ಅವರು ತಮಗಿಂತ ಒಂಬೈನೂರು ವರ್ಷ ಹಿಂದಿನ ಇನ್ನೊಬ್ಬರನ್ನು ನೆನೆಯುತ್ತಾರೆ. ಸಿರಿಯಾದ ಕವಿ ಅಬುಲ್ ಅಲಾ ಅಲ್-ಮಅರ್ರಿ (973–1057). ನಾಲ್ಕನೆಯ ವಯಸ್ಸಿನಲ್ಲಿ ಸಿಡುಬಿನಿಂದ ಕಣ್ಣು ಕಳೆದುಕೊಂಡವರು. ಅವರು ಒಮ್ಮೆ ಕಾಕಂಬಿ ತಿಂದು ಪಾಠಕ್ಕೆ ಬಂದಾಗ ಎದೆಯ ಮೇಲೆ ಬಿದ್ದಿದ್ದ ಹನಿಯನ್ನು ಶಿಷ್ಯನೊಬ್ಬ ಗುರುತಿಸಿದ. ಅಲ್ಲಿಗೆ ಅವರು ಕಾಕಂಬಿ ಬಿಟ್ಟರು. ಊಟವನ್ನೂ ಸೇವಕನ ಕಣ್ಣಿಗೂ ಬೀಳದಂತೆ ನೆಲಮಾಳಿಗೆಯಲ್ಲಿ ಒಬ್ಬರೇ ಮಾಡತೊಡಗಿದರು. ಒಂದು ಸಲ ಶಿಷ್ಯರಿಗಾಗಿ ಅಲೆಪ್ಪೊದಿಂದ ಕರ್ಬೂಜ ತರಿಸಿದರು. ಸೇವಕ ಅವರ ಪಾಲನ್ನು ನೆಲಮಾಳಿಗೆಯಲ್ಲಿಟ್ಟ, ಆದರೆ ಎಂದಿನ ಜಾಗದಲ್ಲಿ ಅಲ್ಲ. ಎಲ್ಲಿಟ್ಟೆ ಎಂದು ಕೇಳಲು ಅವರಿಗೆ ಸಂಕೋಚ. ಹಣ್ಣು ಅಲ್ಲೇ ಕೊಳೆಯಿತು. ಇಷ್ಟು ದೊಡ್ಡ ಕವಿ, ಒಂದು ಹೋಳು ಹಣ್ಣು! ಇದನ್ನು ಯಾವ ಚಾರ್ಟಿನ ಯಾವ ಸಾಲಿನಲ್ಲಿ ಬರೆಯುತ್ತೀರಿ?

ಒಂಬತ್ತು ತುಂಬುವ ಮೊದಲೇ ತಾಹಾ ಹಳ್ಳಿಯ ಮಕ್ತಬಿನಲ್ಲಿ ಪೂರ್ತಿ ಕುರ್‌ಆನ್ ಕಂಠಪಾಠ ಮಾಡಿದ್ದರು. ಮನೆಯವರು ಶೇಖ್ ಎಂದು ಕರೆಯತೊಡಗಿದರು. ಆಮೇಲೆ ಓದು ಬಿಟ್ಟು ಮರೆತುಹೋಯಿತು, ತಂದೆಯೆದುರು ಒಪ್ಪಿಸಲಾಗದೆ ಅವಮಾನವಾಯಿತು, ಮತ್ತೆ ಕಲಿತರು. ಹಿಫ್ಜ್ ಮಾಡಿದ ಗೆಳೆಯರಿಗೆ ಈ ಅಧ್ಯಾಯ ಬಹಳ ಹಿಡಿಸುತ್ತದೆ, ಉಸ್ತಾದರ ಬಗ್ಗೆ ಇರುವ ತಮಾಷೆಯೂ ಸೇರಿ. 1902ರಲ್ಲಿ ಕಾಲರಾ ಬಂತು. ವೈದ್ಯನಾಗಬೇಕೆಂದು ಹೊರಟಿದ್ದ ಅಣ್ಣನೊಬ್ಬ ಅದರಲ್ಲಿ ತೀರಿಕೊಂಡ. ಅದೇ ವರ್ಷ ತಾಹಾ ಇನ್ನೊಬ್ಬ ಅಣ್ಣನ ಜೊತೆ ಕೈರೋಗೆ, ಅಲ್-ಅಝ್‌ಹರ್‌ಗೆ ಹೊರಟರು.

ಕೋಣೆಯಿಂದ ಅಝ್‌ಹರ್‌ಗೆ ಹೋಗಿಬರುವ ದಾರಿಯನ್ನು ಅವರು ವರ್ಣಿಸುವ ರೀತಿ ನೋಡಬೇಕು. ಅಂಗಡಿಯ ಬೋರ್ಡಿಲ್ಲ, ಬಣ್ಣವಿಲ್ಲ. ಬಲಗೆನ್ನೆಗೆ ಬಿಸಿಗಾಳಿ ತಾಗಿತು, ಮೂಗಿಗೆ ತೆಳುವಾದ ಹೊಗೆ ಬಂತು, ಹುಕ್ಕಾದ ಗುಡುಗುಡು ಕೇಳಿತು ಎಂದರೆ ಇಂಥ ಜಾಗ. ಮೆಟ್ಟಿಲು ಹತ್ತಿದ ಮೇಲೆ ಒಬ್ಬ ಪರ್ಷಿಯನ್ನನ ಗಿಳಿಯ ಕೂಗು ಕೇಳಿದರೆ ತನ್ನ ಕೋಣೆ ಹತ್ತಿರ ಬಂತು. ನಾನು ಒಂದು ದಿನ ನಮ್ಮ ಬಸ್‌ಸ್ಟ್ಯಾಂಡಿನಿಂದ ಕಾಲೇಜಿನವರೆಗೆ ಹೀಗೆ ಗುರುತು ಹಾಕುತ್ತ ನಡೆಯಲು ನೋಡಿದೆ. ಬೇಕರಿ ದಾಟಿದ್ದು ತಿಳಿಯಿತು, ಮುಂದೆ ಒಂದೂ ತಿಳಿಯಲಿಲ್ಲ.

ಕೈರೋದ ಸಂಜೆಗಳು ಓದಲು ಕಷ್ಟ. ಅಣ್ಣ ಗೆಳೆಯರ ಕೋಣೆಗೆ ಚಹಾಕ್ಕೆ ಹೋಗುತ್ತಾನೆ. ನಗು, ಚರ್ಚೆ, ಕಪ್ಪುಗಳ ಸದ್ದು ಗೋಡೆಯಾಚೆಯಿಂದ ಬರುತ್ತದೆ. ಈ ಹುಡುಗ ತನ್ನ ಮೂಲೆಯ ಚಾಪೆಯ ಮೇಲೆ ಕೂತಿರುತ್ತಾನೆ. ಎದ್ದು ಹೋಗಿ ಬಾಗಿಲ ಬಳಿ ನಿಲ್ಲಬಹುದು, ಆದರೆ ಯಾರಾದರೂ ತಾನು ತಡವರಿಸುತ್ತ ಬರುವುದನ್ನು ನೋಡಿದರೆ? ದೀಪ ಹಚ್ಚುವವರಿಲ್ಲ, ಕುರುಡನಿಗೆ ದೀಪ ಯಾಕೆ ಎಂದು. ಆದರೆ ಕತ್ತಲೆಗೂ ಒಂದು ಸದ್ದಿದೆ, ಅದು ಸೊಳ್ಳೆಯ ಹಾಗೆ ಗುಂಯ್‌ಗುಡುತ್ತದೆ ಎಂದು ಅವರು ಹೇಳುತ್ತಾರೆ. ಅಝ್‌ಹರ್‌ನಲ್ಲಿ ಹೆಸರು ನೋಂದಾಯಿಸುವ ಪರೀಕ್ಷೆಯ ದಿನ ಪರೀಕ್ಷಕರು ಅವರನ್ನು ಹೆಸರು ಹಿಡಿದು ಕರೆಯಲಿಲ್ಲ, ಕುರುಡ ಎಂದು ಕರೆದರು. ಪಾಸಾಯಿತು. ಮನೆಯಲ್ಲಿ ಯಾರೂ ಎಂದೂ ಬಾಯಿಗೆ ತರದಿದ್ದ ಮಾತು ಅದು. ಪಾಸಾದ ಖುಷಿ ಅಲ್ಲಿಯೇ ಹೋಯಿತು.

ಮುಂದಿನದು ನಿಮಗೆ ಜಿ.ಕೆ. ಪುಸ್ತಕಗಳಲ್ಲೂ ಸಿಗುತ್ತದೆ. 1908ರಲ್ಲಿ ಹೊಸದಾಗಿ ತೆರೆದ ಈಜಿಪ್ಷಿಯನ್ ವಿಶ್ವವಿದ್ಯಾಲಯ ಸೇರಿದರು. 1914ರಲ್ಲಿ ಅಲ್ಲಿನ ಮೊಟ್ಟಮೊದಲ ಡಾಕ್ಟರೇಟ್ ಪಡೆದರು. ವಿಷಯ ಯಾರು ಗೊತ್ತೇ? ಅದೇ ಅಬುಲ್ ಅಲಾ. ಫ್ರಾನ್ಸಿಗೆ ಕಳಿಸಿರೆಂದು ಮತ್ತೆ ಮತ್ತೆ ಅರ್ಜಿ ಹಾಕಿ ಅದೇ ವರ್ಷ ಮೊಂಪೆಲಿಯೆಗೆ ಹೋದರು. ಹಡಗಿನ ಊಟದ ಮೇಜಿಗೆ ಒಂದು ದಿನವೂ ಹೋಗಲಿಲ್ಲ, ಊಟ ಕ್ಯಾಬಿನ್ನಿಗೇ ಬರುತ್ತಿತ್ತು. ಫ್ರಾನ್ಸಿನಲ್ಲೂ ಹಾಗೇ, ಕೋಣೆಯ ಬಾಗಿಲು ಹಾಕಿಕೊಂಡು. ಎಷ್ಟು ಓದಿದರೂ, ಎಷ್ಟು ದೂರ ಬಂದರೂ ಆ ಒಂದು ನಗು ಜೊತೆಗೇ ಬಂದಿತ್ತು.

ಅಲ್ಲಿ 1915ರಲ್ಲಿ ಅವರಿಗೆ ಪುಸ್ತಕ ಓದಿ ಹೇಳಲು ಬಂದವರು ಸುಜಾನ್. 1917ರ ಆಗಸ್ಟ್ 9ರಂದು ಅವರಿಬ್ಬರ ಮದುವೆಯಾಯಿತು. ಒಬ್ಬರೇ ಕೂತು ಉಣ್ಣುವ ಅಭ್ಯಾಸ ಬಿಟ್ಟುಹೋದದ್ದು ಆಕೆಯ ಜೊತೆ ನಿಶ್ಚಿತಾರ್ಥವಾದ ಮೇಲೆ ಎಂದು ತಾಹಾ ಬರೆಯುತ್ತಾರೆ. ಇಂಥ ಇನ್ನೂ ಅನೇಕ ಅಭ್ಯಾಸಗಳಿಂದ ಆಕೆ ತನ್ನನ್ನು ಬಿಡಿಸಿದಳು ಎಂದೂ. ಸೋರ್ಬನ್‌ನಲ್ಲಿ ಇಬ್ನ್ ಖಲ್ದೂನ್ ಬಗ್ಗೆ ಇನ್ನೊಂದು ಡಾಕ್ಟರೇಟ್ ಮಾಡಿ 1919ರಲ್ಲಿ ದೇಶಕ್ಕೆ ಮರಳಿ ಪ್ರಾಧ್ಯಾಪಕರಾದರು.

1926ರಲ್ಲಿ ಇಸ್ಲಾಮ್‌ಪೂರ್ವ ಅರಬ್ಬಿ ಕಾವ್ಯದ ಬಗ್ಗೆ ಬರೆದ ಪುಸ್ತಕದಿಂದ ದೊಡ್ಡ ಗಲಾಟೆಯಾಯಿತು. ಆ ಕವಿತೆಗಳಲ್ಲಿ ಬಹಳಷ್ಟು ನಂತರದ ಕಾಲದವರು ಕಟ್ಟಿದ್ದು ಎಂಬ ಅವರ ವಾದವನ್ನು, ಅದರೊಳಗಿನ ಇನ್ನೂ ಕೆಲವು ಮಾತುಗಳನ್ನು ಅನೇಕ ಉಲಮಾಗಳು ಖಂಡಿಸಿದರು. ದೂರು ವಿಚಾರಣೆಯವರೆಗೆ ಹೋಯಿತು, ಕೊನೆಗೆ ಮೊಕದ್ದಮೆ ಹೂಡಲಿಲ್ಲ. ಪುಸ್ತಕವನ್ನು ತಿದ್ದಿ ಮತ್ತೆ ಪ್ರಕಟಿಸಿದರು. ಯಾರು ಸರಿ ಎಂದು ತೀರ್ಮಾನಿಸುವ ಓದು ನನಗಿಲ್ಲ, ಅರಬ್ಬಿ ಬಲ್ಲವರು ಬರೆದರೆ ಓದುತ್ತೇನೆ. ನನಗೆ ಕಂಡದ್ದಿಷ್ಟು: ಊರೆಲ್ಲ ಬೈಯುತ್ತಿದ್ದ ಆ ದಿನಗಳಲ್ಲೇ ಅವರು ಮೂಲೆಯ ಹುಡುಗನ ಕತೆಯನ್ನು ಹೇಳಿ ಬರೆಸಲು ಕೂತರು. ನಾನು ಎನ್ನದೆ ನಮ್ಮ ಹುಡುಗ, ನಮ್ಮ ಗೆಳೆಯ ಎಂದು ಬರೆಸಿದರು. 'ಅಲ್-ಹಿಲಾಲ್' ಪತ್ರಿಕೆಯಲ್ಲಿ ಅದು ಕಂತುಕಂತಾಗಿ ಬಂತು.

ಡೀನ್ ಆಗಿದ್ದಾಗ ರಾಜಕಾರಣಿಗಳಿಗೆ ಗೌರವ ಡಾಕ್ಟರೇಟ್ ಕೊಡಲು ಒಪ್ಪದೆ 1932ರಲ್ಲಿ ಹುದ್ದೆ ಕಳೆದುಕೊಂಡರು, ಮತ್ತೆ ಬಂದರು. 1950ರಲ್ಲಿ ಶಿಕ್ಷಣ ಮಂತ್ರಿಯಾಗಿ ಪ್ರೌಢ ಶಿಕ್ಷಣವನ್ನು ಉಚಿತ ಮಾಡಿದರು. 1973ರ ಅಕ್ಟೋಬರ್ 28ರಂದು ತೀರಿಕೊಂಡರು.

ಈಗ ಚಾರ್ಟಿಗೆ ಬರುತ್ತೇನೆ. ತಾಹಾ ಹುಸೇನರನ್ನು ನಾಲ್ಕನೆಯ ವಯಸ್ಸಿನಲ್ಲಿ ಆ ಕುರ್ಚಿಯಲ್ಲಿ ಕೂರಿಸಿದ್ದರೂ, ಮಂತ್ರಿಯಾದಾಗ ಕೂರಿಸಿದ್ದರೂ ಫಲಿತಾಂಶ ಒಂದೇ. ಮೇಲಿನ ದೊಡ್ಡ ಅಕ್ಷರವೂ ಇಲ್ಲ. ಎಂಬತ್ತು ವರ್ಷ ಅಳತೆ ಬದಲಾಗಲೇ ಇಲ್ಲ. ಬದುಕು ಮಾತ್ರ ಪೂರ್ತಿ ಬದಲಾಯಿತು. ಕಣ್ಣಿನ ವೈದ್ಯರಿಗೂ ಇದು ಗೊತ್ತು. ಅದಕ್ಕೇ ಅವರು ಚಾರ್ಟಿನ ಜೊತೆಗೆ ಪ್ರಶ್ನಾವಳಿಗಳನ್ನು ಮಾಡಿದ್ದಾರೆ. ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ 25 ಪ್ರಶ್ನೆಗಳ ಪಟ್ಟಿ 2001ರಲ್ಲಿ ಪ್ರಕಟವಾಯಿತು. ನಮ್ಮ ದೇಶದವರಿಗೆಂದೇ ಮಾಡಿದ 33 ಪ್ರಶ್ನೆಗಳ ಇನ್ನೊಂದು ಪಟ್ಟಿಯೂ ಇದೆ. ಶಿಬಿರಕ್ಕೆ ಬಂದಿದ್ದ ಆಪ್ಟೋಮೆಟ್ರಿಸ್ಟ್ ಒಬ್ಬರು 25 ಪ್ರಶ್ನೆಗಳ ಪಟ್ಟಿಯನ್ನು ನನಗೆ ತೋರಿಸಿದ್ದರು. ಮಬ್ಬುಬೆಳಕಿನಲ್ಲಿ ಮೆಟ್ಟಿಲಿಳಿಯಲು ಎಷ್ಟು ಕಷ್ಟ, ಮಾತಾಡುವಾಗ ಎದುರಿನವರ ಮುಖಭಾವ ತಿಳಿಯುತ್ತದೆಯೇ, ನಾಲ್ಕು ಜನರೆದುರು ಮುಜುಗರವಾಗುವಂಥದ್ದು ಮಾಡಿಬಿಡುತ್ತೇನೆಂಬ ಚಿಂತೆ ಇದೆಯೇ, ಕಣ್ಣಿನಿಂದಾಗಿ ಮನೆಯಲ್ಲೇ ಉಳಿಯುತ್ತೀರಾ. ಉತ್ತರಗಳನ್ನೆಲ್ಲ ಸೇರಿಸಿ 0ಯಿಂದ 100ರವರೆಗೆ ಅಂಕ. ಗ್ಲಾಕೋಮಾದ ಗುಟ್ಟನ್ನೂ ಅವರೇ ಹೇಳಿದರು. ಈ ಕಾಯಿಲೆ ಸಾಮಾನ್ಯವಾಗಿ ನೋಟದ ಅಂಚನ್ನು ಮೊದಲು ತಿನ್ನುತ್ತದೆ, ನಡುವಿನದನ್ನು ಕೊನೆಗೆ. ಹಾಗಾಗಿ ನೇರ ಎದುರಿನ ಅಕ್ಷರ ಓದುವವರಿಗೆ ಪಕ್ಕದ ಲೋಟ ಕಾಣದೇ ಇರಬಹುದು. ಹೋದದ್ದು ಮರಳಿ ಬರುವುದಿಲ್ಲ, ಡ್ರಾಪ್ಸ್ ಇರುವುದನ್ನು ಉಳಿಸಿಕೊಳ್ಳಲು.

ಆ ಪಟ್ಟಿಯಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಪ್ರಶ್ನೆಗಳಲ್ಲ, ಉತ್ತರಗಳು. ಅನೇಕ ಪ್ರಶ್ನೆಗಳಿಗೆ ಆರು ಉತ್ತರಗಳಿರುತ್ತವೆ. ಮೊದಲ ನಾಲ್ಕು, ಕಷ್ಟವೇ ಇಲ್ಲ ಎಂಬುದರಿಂದ ಬಹಳ ಕಷ್ಟ ಎಂಬುದರವರೆಗೆ. ಐದನೆಯದು, ಕಣ್ಣಿನಿಂದಾಗಿ ಆ ಕೆಲಸ ಬಿಟ್ಟೇಬಿಟ್ಟೆ. ಆರನೆಯದು, ಬೇರೆ ಕಾರಣಕ್ಕೆ ಬಿಟ್ಟೆ, ಅಥವಾ ಅದರಲ್ಲಿ ಆಸಕ್ತಿಯಿಲ್ಲ. ಐದನೆಯದಕ್ಕೆ ಸೊನ್ನೆ ಅಂಕ. ಆರನೆಯದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಆ ಪ್ರಶ್ನೆ ಕೇಳಲೇ ಇಲ್ಲವೆಂಬಂತೆ ಬಿಡುತ್ತಾರೆ. ನ್ಯಾಯವಾಗಿಯೇ ಇದೆ. ಆದರೆ ಎಂಟು ವರ್ಷದ ತಾಹಾನನ್ನು ಕರೆದು ಸೂಪ್ ಯಾಕೆ ಬಿಟ್ಟೆ ಎಂದು ಕೇಳಿದ್ದರೆ ಅವನು ಐದು ಎನ್ನುತ್ತಿದ್ದನೇ, ಆರು ಎನ್ನುತ್ತಿದ್ದನೇ? ಅಬುಲ್ ಅಲಾ ಕರ್ಬೂಜದ ಬಗ್ಗೆ ಏನೆನ್ನುತ್ತಿದ್ದರು? ನನಗಂತೂ ಅನುಮಾನವಿಲ್ಲ. ನಾಚಿಕೆ ಯಾವಾಗಲೂ ಆರನೆಯ ಉತ್ತರವನ್ನೇ ಕೊಡುತ್ತದೆ.

ನಾನು ಪುಸ್ತಕ ಮುಚ್ಚಿ ಎದ್ದುಹೋದೆ ಎಂದೆನಲ್ಲ, ಅದರ ಕಾರಣ ಹೇಳುತ್ತೇನೆ. ಶಿಬಿರದ ಹಿಂದಿನ ರಮಝಾನಿನಲ್ಲಿ ಇಫ್ತಾರಿಗೆ ಎಲ್ಲರೂ ದಸ್ತರ್‌ಖಾನ್ ಸುತ್ತ ಕೂತಿದ್ದೆವು. ಚಿಕ್ಕಪ್ಪನ ಮನೆಯವರೂ ಇದ್ದರು. ನಾನಿ ಶರಬತ್ತಿನ ಲೋಟಕ್ಕೆ ಕೈ ಚಾಚಿದರು, ಕೈ ಹೋದದ್ದು ಗಂಜಿಯ ಬಟ್ಟಲಿಗೆ. ಮೊದಲು ನಕ್ಕವನು ನಾನು. ಆಮೇಲೆ ಮಕ್ಕಳೆಲ್ಲ ನಕ್ಕರು. ನಾನಿಯೂ ನಕ್ಕರು. ಮರುದಿನದಿಂದ ಅವರು ಅಡುಗೆಮನೆಯಲ್ಲೇ ಖರ್ಜೂರ ತಿಂದು ನೀರು ಕುಡಿದು ನೇರ ನಮಾಝಿಗೆ ನಿಲ್ಲತೊಡಗಿದರು, ಮಗ್ರಿಬ್ ತಡವಾಗುತ್ತದೆ ಎಂದು. ಬಂಗುಡೆ ಎಂದರೆ ಪ್ರಾಣ ಬಿಡುತ್ತಿದ್ದವರು ಈಗ ಮೀನಿನ ವಾಸನೆಯೇ ಆಗುವುದಿಲ್ಲ ಎನ್ನತೊಡಗಿದರು. ಮದುವೆಗಳಿಗೆ ಕರೆದರೆ ಮಂಡಿನೋವು. ಎಲ್ಲವೂ ಆರನೆಯ ಉತ್ತರಗಳು. ನಾನು ಅವನ್ನು ನಂಬಿದ್ದೆ, ಮೇಲೆ 6/9 ಎಂದು ನನ್ನ ಕೈಯಿಂದಲೇ ಬರೆದಿದ್ದೆ.

'ಅಲ್-ಅಯ್ಯಾಮ್'ನ ಮೊದಲ ಭಾಗದ ಕೊನೆಯಲ್ಲಿ ತಾಹಾ ತಮ್ಮ ಒಂಬತ್ತು ವರ್ಷದ ಮಗಳ ಜೊತೆ ಮಾತಾಡುತ್ತಾರೆ. ಕಣ್ಣು ಕಳೆದುಕೊಂಡ ಈಡಿಪಸ್ ರಾಜನನ್ನು ಅವನ ಮಗಳು ಕೈಹಿಡಿದು ನಡೆಸುವ ಕತೆ ಕೇಳಿದಾಗ ಆ ಹುಡುಗಿ ತಂದೆಯ ಮುಖ ನೋಡಿ ಅತ್ತಿದ್ದಳಂತೆ. ಅದಕ್ಕೇ ತನ್ನ ಬಾಲ್ಯವನ್ನು ಅವಳಿಗೆ ಹೇಳಲು ಅವರಿಗೆ ಹೆದರಿಕೆ. ಅವಳು ನಕ್ಕರೆ? ಅತ್ತರೆ? ಮಂತ್ರಿಯಾಗಲಿದ್ದ ಆ ಮನುಷ್ಯನಿಗೆ ಆಗಲೂ ಅದೇ ಎರಡು ಭಯ.

ನಾನು ನಾನಿಗೆ ಈ ಕತೆ ಹೇಳಿದೆ, ಉರ್ದುವಿನಲ್ಲಿ, ನನಗೆ ಬಂದ ಹಾಗೆ. ಎರಡು ಕೈಯ ತುತ್ತಿನ ಜಾಗ ಬಂದಾಗ ನನ್ನ ದನಿ ಸರಿಯಿರಲಿಲ್ಲ. ನಾನಿ ಪೂರ್ತಿ ಕೇಳಿದರು. ಆ ಹುಡುಗ ಮುಂದೆ ಸೂಪ್ ಕುಡಿದನಾ ಎಂದಷ್ಟೇ ಕೇಳಿದರು. ಕುಡಿದಿರಬೇಕು, ಮದುವೆಯಾದ ಮೇಲೆ ಎಂದೆ. ನಕ್ಕರು.

ಈಗ ಅವರ ತಟ್ಟೆಯ ಬಲಗಡೆ ಒಂದೇ ಜಾಗದಲ್ಲಿ ಲೋಟ ಇಡುತ್ತೇವೆ, ಬಿಳಿ ಹಾಸಿನ ಮೇಲೆ ಕಡುನೀಲಿ ಲೋಟ. ಬಂಗುಡೆಯ ಮುಳ್ಳು ಬಿಡಿಸುವುದು ನನ್ನ ಕೆಲಸ, ನಾನೂ ಅದನ್ನು ಈಗಷ್ಟೇ ಕಲಿಯುತ್ತಿದ್ದೇನೆ. ನೆಂಟರು ಬಂದ ದಿನ ಮಾತ್ರ ನಾನಿ ಇನ್ನೂ ಅಡುಗೆಮನೆಯಲ್ಲೇ ಊಟ ಮಾಡುತ್ತಾರೆ. ಅಂಥ ದಿನ ನಾನೂ ನನ್ನ ತಟ್ಟೆ ಎತ್ತಿಕೊಂಡು ಅಲ್ಲಿಗೇ ಹೋಗುತ್ತೇನೆ.